ಹೆಸರು ಹಾಕದ ಹಲಗೆ

ಔದುಂಬರ ಗಲ್ಲಿ, ಪುಣೆ
ಶುಕ್ರವಾರ, 28 ನವೆಂಬರ್ 2014

ತೀರ್ಥರೂಪ ಆತ್ಯಾಗೆ ಮುಕ್ತಾಳ ನಮಸ್ಕಾರ.

ಸಾಷ್ಟಾಂಗ ನಮಸ್ಕಾರ ಎಂದು ಬರೆಯಬೇಕೆಂದು ನೀನು ಕಲಿಸಿದ್ದೀಯ. ಬರೆಯಲು ಹೋದೆ, ಎರಡು ಸಲ ಕೈ ತಡೆಯಿತು. ಯಾಕೆಂದು ಮುಂದೆ ಗೊತ್ತಾಗುತ್ತದೆ. ಕೆಂಪು ಪೆನ್ನು ಹಿಡಿದು ಕೂತಿದ್ದರೆ ಅದನ್ನು ಸ್ವಲ್ಪ ಹೊತ್ತು ಕೆಳಗಿಡು. ಮೊದಲು ಪೂರ್ತಿ ಓದು, ತಿದ್ದುವುದು ಆಮೇಲೆ.

ನಿನ್ನ ಸೊಂಟ ಹೇಗಿದೆ? ವಾಕರ್ ಬಿಟ್ಟು ಕೋಲು ಹಿಡಿದಿದ್ದೀಯ, ಅಂಗಳದಲ್ಲಿ ತುಳಸಿಕಟ್ಟೆಯವರೆಗೂ ಹೋಗಿ ಬರುತ್ತೀಯ ಎಂದು ದೊಡ್ಡ ಆತ್ಯಾ ಫೋನಿನಲ್ಲಿ ಹೇಳಿದಳು. ಜೊತೆಗೆ ದೂರೂ ಹೇಳಿದಳು. "ಮಂದಾ ಅಂಟಿನ ಉಂಡಿ ಮುಟ್ಟಂಗಿಲ್ಲ. ತಿನ್ನು ಅಂದ್ರ ನನ್ನ ಮಾತಿನ ವ್ಯಾಕರಣ ತಿದ್ತಾಳ" ಎಂದಳು. ಉಂಡೆ ತಿನ್ನು ಆತ್ಯಾ. ಬೇಕಿದ್ದರೆ ವ್ಯಾಕರಣ ತಿದ್ದುತ್ತಲೇ ತಿನ್ನು. ಮಿರಜಿನಲ್ಲಿ ಬೆಳಗಿನ ಚಳಿ ಹೆಚ್ಚಾಗಿದ್ದರೆ ನನ್ನ ಕಂದು ಶಾಲು ನಿನ್ನ ಚೀಲದ ತಳದಲ್ಲಿದೆ, ನಿನಗೆ ಹೇಳದೆ ಇಟ್ಟಿದ್ದೆ. ಇಲ್ಲಿ ಎಲ್ಲರೂ ಕ್ಷೇಮ. ಆಯಿಯ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬಾಬಾ ದಿನಾ ಸಂಜೆ ನಿನ್ನ ಕುರ್ಚಿಯಲ್ಲಿ ಕೂತು, ಇದು ಅಕ್ಕನ ಕುರ್ಚಿ, ಯಾರೂ ಕೂಡಬಾರದು ಎಂದು ಉಳಿದವರಿಗೆ ಹೇಳುತ್ತಾರೆ. ನನ್ನ ಗ್ರಂಥಾಲಯದ ಕೆಲಸ ನಡೆದಿದೆ. ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸ, ಯಾರ ಜೊತೆಗೂ ಹೆಚ್ಚು ಮಾತಾಡಬೇಕಿಲ್ಲ, ನನಗೆ ಹೊಂದುತ್ತದೆ. ಈಗ ಕೆಲಸಕ್ಕೆ ಸೈಕಲ್ ಮೇಲೆ ಹೋಗುತ್ತೇನೆ. ಸ್ಕೂಟರ್ ಮುಟ್ಟಿ ನಾಲ್ಕು ತಿಂಗಳಾಯಿತು. "ಆತ್ಯಾ ಬಿದ್ದ ಮ್ಯಾಲೆ ನಮ್ಮ ಹುಡುಗಿ ಸ್ಕೂಟರ್ ಬಿಟ್ಟಳು ನೋಡ್ರಿ" ಎಂದು ಬಾಬಾ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಆಗ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಇನ್ನು ಗಲ್ಲಿಯ ಸುದ್ದಿ. ಹನ್ನೊಂದು ವರ್ಷ ನೀನು ವಾರ್ಡ್ ಕಚೇರಿಗೆ ಬರೆದ ಅರ್ಜಿಗಳ ಮೂರೂ ಕೆಲಸ ಆಗಿವೆ. ಹುಡುಗಿಯರ ಶಾಲೆಯ ಮೂಲೆಯಲ್ಲಿ ರಸ್ತೆಗೆ ಉಬ್ಬು ಹಾಕಿದ್ದಾರೆ. ಬೈಕಿನವರು ಅಲ್ಲಿ ಬಂದಾಗ ಬೈದುಕೊಂಡಾದರೂ ನಿಧಾನವಾಗುತ್ತಾರೆ. ಶಾಲೆಯಿಂದ ನಮ್ಮ ವಾಡೆಯ ಹೆಬ್ಬಾಗಿಲವರೆಗೆ ಫುಟ್‌ಪಾತ್ ಎಲ್ಲೂ ತುಂಡಾಗಿಲ್ಲ. ಗಾಡಿ ಹತ್ತಿಸದಂತೆ ಅದರ ಅಂಚಿಗೆ ಮೊಣಕಾಲೆತ್ತರದ ಸಿಮೆಂಟ್ ಗೂಟ ನೆಟ್ಟಿದ್ದಾರೆ. ಸೈಕಲ್‌ಗೆಂದು ಹಸಿರು ಪಟ್ಟಿಯನ್ನೂ ಬಳಿದಿದ್ದಾರೆ. ಪಟ್ಟಿಯ ಮೇಲಿನ ಸೈಕಲ್ ಚಿತ್ರಕ್ಕೆ ಪೆಡಲ್ ಹಾಕುವುದನ್ನು ಮರೆತಿದ್ದಾರೆ, ನೀನು ಬಂದು ತಿದ್ದಬೇಕು. ಮೊದಲು ಶಾಲೆ ಬಿಟ್ಟಾಗ ಹುಡುಗಿಯರು ಗೋಡೆಗೆ ಚೀಲ ಉಜ್ಜಿಕೊಂಡು ಒಬ್ಬರ ಹಿಂದೊಬ್ಬರು ಬರುತ್ತಿದ್ದರಲ್ಲ, ಈಗ ಮೂರು ಮೂರು ಜನ ಕೈಕೈ ಹಿಡಿದು ಬರುತ್ತಾರೆ, ಒಬ್ಬಳು ಹಿಮ್ಮುಖವಾಗಿಯೂ ನಡೆಯುತ್ತಾಳೆ. ಎದುರು ಮನೆಯ ಪರಚುರೆ ಕಾಕಾ ನಿನ್ನೆ ಬಾಬಾಗೆ ಹೇಳುತ್ತಿದ್ದರು: "ಹತ್ತು ವರ್ಷದಾಗ ಮೊದಲನೇ ಸಲ ಆಕಾಶ ನೋಡ್ಕೋತ ನಡದೆ ನೋಡು. ಆಕಾಶ ಇನ್ನೂ ಅಲ್ಲೇ ಐತಿ."

ಇದೆಲ್ಲ ನಿನಗೆ ಸಂತೋಷದ ಸುದ್ದಿ. ನನಗೂ ಆಗಬೇಕಿತ್ತು. ಆದರೆ ಈ ಹಸಿರು ಪಟ್ಟಿಯ ಮೇಲೆ ಸೈಕಲ್ ಪಂಕ್ಚರ್ ಆದರೆ ತೆಗೆಯಲು ಈಗ ಯಾರೂ ಇಲ್ಲ. ಹೆಬ್ಬಾಗಿಲ ಪಕ್ಕದ ಸೈಕಲ್ ಅಂಗಡಿಯ ಸೋಪಾನ ಕಾಕಾ ಇಲ್ಲ. "ಅವನಿಗ ನದೀ ಹತ್ರ ಛಲೋ ಜಾಗ ಸಿಕ್ತು, ಹೋದ" ಎಂದು ಬಾಬಾ ನಿನಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. ಅದು ನಿಜವಲ್ಲ. ಅವರು ಹೋಗಲಿಲ್ಲ, ಅವರನ್ನು ಎಬ್ಬಿಸಿದರು. ಎಬ್ಬಿಸಿದ್ದು ವಾರ್ಡ್ ಕಚೇರಿಯ ಗಾಡಿ. ಆ ಗಾಡಿಯನ್ನು ಕರೆತಂದದ್ದು ನಾನು.

ನಮ್ಮೂರಿನವರ ಚಾಳಿ ನಿನಗೆ ಹೇಳಬೇಕಿಲ್ಲ. ಬೈಯಬೇಕೆನಿಸಿದರೆ ಎದುರಿಗೆ ಬೈಯುವುದಿಲ್ಲ, ಹಲಗೆಯ ಮೇಲೆ ಸಭ್ಯವಾಗಿ ಬರೆದು ಗೋಡೆಗೆ ಹೊಡೆಯುತ್ತೇವೆ. ನಮ್ಮ ಕರೆಗಂಟೆಯ ಕೆಳಗೆ ನೀನು ಬರೆದದ್ದು ಈಗಲೂ ಇದೆ: "ಗಂಟೆ ಒಂದೇ ಸಲ ಒತ್ತಿರಿ. ಮನೆಯವರು ಮುದುಕರು, ಕಿವುಡರಲ್ಲ. — ಮಂದಾ ಲಿಮಯೆ." ಈ ಗಲ್ಲಿಯಲ್ಲಿ ಹಲಗೆಗೆ ಹೆಸರು ಹಾಕುವವಳು ನೀನೊಬ್ಬಳೇ. ಚಿಕ್ಕವಳಿದ್ದಾಗ ಯಾಕೆಂದು ನಾನು ಕೇಳಿದ್ದೆ. "ಸಿಟ್ಟಿಗೆದ್ದವರು ಬಂದ್ರ ಯಾರ ಮನೀ ಬಾಗಿಲಾ ಬಡೀಬೇಕಂತ ಅವರಿಗೆ ಗೊತ್ತಿರಬೇಕಲ್ಲ" ಎಂದಿದ್ದೆ ನೀನು. ಆಗ ನಾನು ನಕ್ಕಿದ್ದೆ. ಈಗ ಅದು ತಲೆಯಿಂದ ಹೋಗುತ್ತಿಲ್ಲ.

ಜುಲೈ ಇಪ್ಪತ್ತೆರಡರ ಮಳೆಯಲ್ಲಿ ನೀನು ಫುಟ್‌ಪಾತಿನಿಂದ ರಸ್ತೆಗೆ ಇಳಿದೆ, ಯಾವನೋ ಬೈಕಿನವನು ತಾಕಿಸಿಕೊಂಡು ಹೋದ, ನಿನ್ನ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಬಾಬಾ ನಿನ್ನನ್ನು ಮೂರು ಸಲ ಕೇಳಿದರು: ಯಾಕ ಇಳದಿ, ಏನಿತ್ತು ಅಡ್ಡ? "ಅಡ್ಡ ಏನಿತ್ತೋ, ಯಾರಿಗೆ ನೆನಪು? ಮಳೀ ಇತ್ತು, ಕೈಯಾಗ ಕೊಡಿ ಇತ್ತು, ನಾ ನೋಡಲಿಲ್ಲ" ಎಂದೆ ನೀನು. ಇಪ್ಪತ್ತು ವರ್ಷದ ಹಿಂದೆ ಕಲಿಸಿದ ಹುಡುಗಿಯರ ಹಾಜರಿ ಸಂಖ್ಯೆ ನೆನಪಿರುವವಳು ನೀನು. ನೀನು ಹೇಳದೆ ಹೋದದ್ದರಿಂದ ಗಲ್ಲಿಯವರು ತಾವೇ ಹೇಳಿಕೊಂಡರು. ಹೆಬ್ಬಾಗಿಲ ಪಕ್ಕದಲ್ಲಿ ಇರುವುದು ಸೈಕಲ್ ಅಂಗಡಿ, ಇನ್ನೇನು ಅಡ್ಡ ಬಂದೀತು ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಿನ್ನ ಆಪರೇಷನ್ ಆದ ಮೂರನೆಯ ವಾರ, ಸಿಟ್ಟಿನಲ್ಲಿ, ಮನೆಯ ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆಯ ಮುಚ್ಚಳಕ್ಕೆ ಕಪ್ಪು ಬಳಿದು, ಬಿಳಿ ಅಕ್ಷರದಲ್ಲಿ ಬರೆದೆ. ಕೈಬರಹ ಗೊತ್ತಾಗದಂತೆ ಅಚ್ಚಿನ ಅಕ್ಷರ ಮಾಡಿದೆ. ಬೆಳಗ್ಗೆ ಹಾಲಿನವರು ಬರುವ ಮೊದಲು ಸೋಪಾನ ಕಾಕಾರ ಅಂಗಡಿಯ ಪಕ್ಕದ ಗೋಡೆಗೆ ನೇತುಹಾಕಿ ಬಂದೆ.

ನಿನಗೆ ಬಾಬಾ ಅದನ್ನು ಓದಿ ಹೇಳಿರಲಿಕ್ಕಿಲ್ಲ. ಇಲ್ಲಿ ಬರೆಯುತ್ತೇನೆ: "ಪಾದಚಾರಿಗಳು ದಯವಿಟ್ಟು ರಸ್ತೆಯ ನಡುವೆ ನಡೆಯಿರಿ. ಫುಟ್‌ಪಾತಿನ ಮೇಲೆ ಸೈಕಲ್‌ಗಳು ವಿಶ್ರಾಂತಿ ಪಡೆಯುತ್ತಿವೆ. ಸೊಂಟ ಮುರಿದವರು ಇಲ್ಲಿ ವಿಚಾರಿಸಬಾರದು, ಪಂಕ್ಚರ್ ಮಾತ್ರ ತೆಗೆಯಲಾಗುತ್ತದೆ."

ನಾನು ಬರೆದದ್ದನ್ನು ಜನ ನಿಂತು ಓದಿದ್ದು ಅದೇ ಮೊದಲು. ಕಾಲೇಜಿನ ಸಂಚಿಕೆಗೆ ಕಳಿಸಿದ ಎರಡು ಕವಿತೆ ಅಚ್ಚಾಗಲೇ ಇಲ್ಲ. ಇದನ್ನು ಜನ ಸ್ಕೂಟರ್ ನಿಲ್ಲಿಸಿ ಓದಿದರು, ಫೋಟೋ ತೆಗೆದರು, ಪಕ್ಕದ ಗಲ್ಲಿಯವರನ್ನು ಕರೆದುಕೊಂಡು ಬಂದು ತೋರಿಸಿದರು. ಬಾಬಾ ಊಟದ ಹೊತ್ತಿಗೆ ಮತ್ತೆ ಮತ್ತೆ ನಕ್ಕರು. "ಯಾವನೋ ಏನ್ ಬರದಾನ, ಪರಚುರೇನ ಇರಬೇಕು, ಅವನ ನಾಲಿಗೀನೇ ಇದು" ಎಂದರು. ಪರಚುರೆ ಕಾಕಾ ತಾನಲ್ಲ ಎಂದು ಯಾರಿಗೂ ಹೇಳಲಿಲ್ಲ, ಒಂದು ವಾರ ಮೀಸೆಯಲ್ಲೇ ನಗುತ್ತ ತಿರುಗಿದರು. ನನಗೆ ಒಳಗೊಳಗೇ ಹಿಗ್ಗು, ಆತ್ಯಾ. ಇದನ್ನು ಬರೆಯಲು ನಾಚಿಕೆ, ಆದರೂ ಹಿಗ್ಗಿದ್ದು ಹೌದು. ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತು, ಯಾವ ಸಾಲಿಗೆ ಯಾರು ನಗುತ್ತಾರೆ ಎಂದು ನೋಡುತ್ತಿದ್ದೆ.

ನಾಲ್ಕನೆಯ ದಿನ ಸೋಪಾನ ಕಾಕಾ ನನ್ನನ್ನು ಕರೆದರು. ಅವರು ಅಕ್ಷರ ಕೂಡಿಸಿ ಓದುತ್ತಾರೆ, ನಿನಗೆ ಗೊತ್ತು. ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದು ಹಲಗೆಯ ಮುಂದೆ ನಿಂತಿದ್ದರು. "ಮುಕ್ತಾ, ನೀ ಓದಿದಾಕಿ. ಇದರಾಗ ನನಗ ಬೈದಾರೋ, ಚ್ಯಾಷ್ಟಿ ಮಾಡ್ಯಾರೋ?" ಎಂದು ಕೇಳಿದರು. ಚೇಷ್ಟೆ, ಕಾಕಾ ಎಂದೆ. "ಚ್ಯಾಷ್ಟಿ ಇದ್ರ ಇರ್ಲಿ ಬಿಡು, ನಾಕ್ ಮಂದಿ ನಕ್ಕೋತ ಹೋಗ್ತಾರ" ಎಂದರು. ಮರುವಾರದ ಗಾಳಿಮಳೆಗೆ ಹಲಗೆ ಒಂದು ಕಡೆ ಜೋತುಬಿತ್ತು. ಅದನ್ನು ನೆಟ್ಟಗೆ ಮಾಡಿ ಹೊಸ ಮೊಳೆ ಹೊಡೆದವರು ಅವರೇ. ನಾನು ಗ್ಯಾಲರಿಯಿಂದ ನೋಡಿದೆ. ಆ ಸುತ್ತಿಗೆಯ ಸದ್ದು ಈ ಕಾಗದ ಬರೆಯುವಾಗಲೂ ಕೇಳುತ್ತಿದೆ.

ಒಂದು ಪತ್ರಿಕೆಯವರು ಊರಿನ ಪುಟದಲ್ಲಿ ಹಲಗೆಯ ಫೋಟೋ ಹಾಕಿ, ಕೆಳಗೆ ನಿವೃತ್ತ ಶಿಕ್ಷಕಿಯ ಸೊಂಟದ ಕಥೆಯನ್ನೂ ಬರೆದರು. ಆಮೇಲೆ ವಾರ್ಡ್ ಕಚೇರಿಗೆ ನಿನ್ನ ಹನ್ನೊಂದು ವರ್ಷದ ಅರ್ಜಿಗಳೆಲ್ಲ ಒಮ್ಮೆಲೇ ನೆನಪಾದವು. ಗಣಪತಿ ಹಬ್ಬ ಮುಗಿದ ವಾರ ಗಾಡಿ ಬಂತು. ಸೋಪಾನ ಕಾಕಾರ ಮರದ ಪೆಟ್ಟಿಗೆ, ಪಂಪು, ಹನ್ನೊಂದು ಸೈಕಲ್ ಎಲ್ಲ ಮೇಲೆ ಹತ್ತಿಸಿದರು. ಟ್ಯೂಬ್ ಮುಳುಗಿಸಿ ನೋಡುವ ನೀರಿನ ಬೋಗುಣಿ ಮಾತ್ರ ಉಳಿದಿತ್ತು. ಅದನ್ನು ಸೋಪಾನ ಕಾಕಾ ತಾವೇ ಎತ್ತಿಕೊಂಡು ಹೋಗಿ ಔದುಂಬರ ಮರದ ಬುಡಕ್ಕೆ ಸುರಿದರು. "ರಸ್ತೇಕ ಚೆಲ್ಲಿದ್ರ ಯಾರರ ಜಾರ್ತಾರ" ಎಂದು ಗಾಡಿಯವರಿಗೆ ಹೇಳಿದ್ದು ಮೇಲಿನವರೆಗೂ ಕೇಳಿಸಿತು. ಎಲ್ಲ ಗ್ಯಾಲರಿಗಳಲ್ಲೂ ಜನ ನಿಂತಿದ್ದರು. ಅವರಲ್ಲಿ ಅರ್ಧ ಜನ ಕಾಕಾರ ಬಾಡಿಗೆ ಸೈಕಲ್ ಮೇಲೆಯೇ ಸೈಕಲ್ ಕಲಿತವರು. ಒಬ್ಬರೂ ಕೆಳಗೆ ಇಳಿಯಲಿಲ್ಲ. ನಾನು ಪರದೆಯ ಹಿಂದಿದ್ದೆ. ನಾನೂ ಅವರ ಕೆಂಪು ಸಣ್ಣ ಸೈಕಲ್ ಮೇಲೆಯೇ ಕಲಿತವಳು. ಹಿಂದೆ ಅವರು ಸೀಟು ಹಿಡಿದು ಓಡಿ ಬರುತ್ತಿದ್ದರು, ಮುಂದೆ ನೀನು ನಿಂತು "ನನ್ನ ಮುಖ ನೋಡಬ್ಯಾಡ, ರಸ್ತೆ ನೋಡು" ಎನ್ನುತ್ತಿದ್ದೆ. ಸೈಕಲ್ ಗೋಡೆಗೆ ಒರಗಿ ಒಂದೇ ಸಾಲಿನಲ್ಲಿರಬೇಕು, ನಡೆಯುವವರಿಗೆ ಮೂರಡಿ ಬಿಡಬೇಕು ಎಂದು ಅವರಿಗೆ ನೀನು ಸೀಮೆಸುಣ್ಣದ ಗೆರೆ ಹಾಕಿಕೊಟ್ಟಿದ್ದೆಯಲ್ಲ, ಮೂವತ್ತು ವರ್ಷ ಅವರು ಆ ಗೆರೆ ದಾಟಲಿಲ್ಲ. ಅದಕ್ಕೆ ಬದಲಾಗಿ ನೀನು ಹೆಬ್ಬಾಗಿಲ ಚೌಕಟ್ಟಿಗೆ ಹೊಡೆಸಿಕೊಟ್ಟ ಐದು ಮೊಳೆಗಳು ಹಾಗೇ ಇವೆ. ಗಿರಾಕಿಗಳ ಕೀಲಿಕೈ ನೇತುಹಾಕುತ್ತಿದ್ದ ಮೊಳೆಗಳು. ಈಗ ಐದೂ ಖಾಲಿ.

ಹೋದ ಭಾನುವಾರ ಧೈರ್ಯ ಮಾಡಿ ಅವರನ್ನು ಹುಡುಕಿಕೊಂಡು ಹೋದೆ. ಪೆಟ್ಟಿಗೆ, ಪಂಪು ಬಿಡಿಸಿಕೊಂಡು ನದಿಯ ಸೇತುವೆಯ ಕೆಳಗೆ ಕೂತಿದ್ದಾರೆ. ಅಲ್ಲಿ ಸೈಕಲ್ ಬರುವುದು ಅಪರೂಪ, ಬರುವವರು ದಾರಿ ತಪ್ಪಿದವರು. ನನ್ನ ಗಾಲಿ ಮುಟ್ಟಿ ನೋಡಿ, ಕೇಳದೆಯೇ ಗಾಳಿ ಹಾಕಿದರು. "ನಿಮ್ಮ ಆತ್ಯಾ ಬಾಯಾರು ಹೆಂಗದಾರ? ಅವರ ಸೈಕಲ್ ಚೈನಿಗೆ ನೀ ಎಣ್ಣಿ ಬಿಡ್ತೀಯೋ ಇಲ್ಲೋ? ತುಕ್ಕ ಹಿಡಿಸಬ್ಯಾಡ, ಬಂದ ಕೂಡಲೇ ಕೇಳ್ತಾರ" ಎಂದರು. ಕ್ಷಮೆ ಕೇಳಲೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವರು ಪೆಟ್ಟಿಗೆಯ ಹಿಂದಿನಿಂದ ಒಂದು ಹಲಗೆ ತೆಗೆದರು. ನನ್ನದೇ ಹಲಗೆ. ಗಾಡಿ ಬಂದ ದಿನ ಅದನ್ನೂ ತಂದಿದ್ದಾರೆ. "ಮರ ಗಟ್ಟಿ ಐತಿ, ಒಗೀಲಿಕ್ಕೆ ಮನಸಾಗಲಿಲ್ಲ. ಹಿಂದಿನ ಮಗ್ಗಲಾ ಖಾಲಿ ಐತಿ ನೋಡು. ಪಂಕ್ಚರ್ ಅಂತ ಬರದು ಕೊಡ್ತೀ? ನಿನ್ನ ಅಕ್ಷರ ಛಲೋ" ಎಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ, ಕೇಳುವ ಎದೆಯೂ ಇರಲಿಲ್ಲ. ಕೂತು ಬರೆದುಕೊಟ್ಟೆ. ಮೇಲೆ ಅವರ ಹೆಸರನ್ನೂ ಹಾಕಿದೆ: ಸೋಪಾನ ಢಮಾಳೆ. ಅವರು ಅಕ್ಷರ ಕೂಡಿಸಿ ಓದಿ, "ಮೂವತ್ತೊಂದು ವರ್ಷದಾಗ ನನ್ನ ಹೆಸರಿನ ಬೋರ್ಡ್ ಇದ ಮೊದಲು" ಎಂದು ನಕ್ಕರು.

ಈಗ ನಿನ್ನಿಂದ ಆಗಬೇಕಾದ ಕೆಲಸ. ಡಿಸೆಂಬರ್ ಏಳರ ಭಾನುವಾರ ಗಲ್ಲಿಯವರ ಸಭೆ ಇದೆ. ವಾರ್ಡ್ ಕಚೇರಿಯ ಎಂಜಿನಿಯರ್ ಕಾಂಬಳೆ ಮೇಡಂ ಬರುತ್ತಾರೆ, ಚಿಕ್ಕ ವಯಸ್ಸು, ತಾವೇ ಸೈಕಲ್ ಮೇಲೆ ಓಡಾಡುತ್ತಾರೆ. ಔದುಂಬರದ ಪಕ್ಕ ಎರಡು ಮೀಟರ್ ಜಾಗ ನಕ್ಷೆಯಲ್ಲಿ ಖಾಲಿ ಉಳಿದಿದೆಯಂತೆ. "ಸೈಕಲ್ ಪಟ್ಟಿ ಬಳದು ಗಾಳಿ ಹಾಕಾವ್ರನ್ನ ಓಡಿಸಿದ್ರ ಹೆಂಗ್ರೀ? ನನಗೂ ಅವರು ಬೇಕು. ಆದ್ರ ಫೈಲಿನಾಗ ಸೈಕಲ್ ಅಂಗಡಿ ಅಡ್ಡ ಆಗಿ ವಯಸ್ಸಾದವರಿಗೆ ಪೆಟ್ಟಾತು ಅಂತ ಐತಿ. ಅದು ಖರೇ ಅಲ್ಲ ಅಂತ ಬಿದ್ದವರಾಗ್ಲಿ, ಕಂಡವರಾಗ್ಲಿ ಬರದು ಕೊಡಬೇಕು" ಎಂದು ಅವರು ಬಾಬಾಗೆ ಹೇಳಿದರು. ಏಳನೇ ತಾರೀಕಿನೊಳಗೆ ಕೊಡದಿದ್ದರೆ ಆ ಜಾಗಕ್ಕೆ ಹೂವಿನ ಕುಂಡ ಬರುತ್ತದೆ, ಸೋಪಾನ ಕಾಕಾ ಸೇತುವೆಯ ಕೆಳಗೇ ಉಳಿಯುತ್ತಾರೆ. ಆದ್ದರಿಂದ ಎರಡು ಸಾಲು ಬರೆದು ಕಳಿಸು ಆತ್ಯಾ. ಅಂದು ಅಡ್ಡ ಇದ್ದದ್ದು ಅವರ ಸೈಕಲ್ ಅಲ್ಲ ಎಂದು ಬರೆದರೆ ಸಾಕು. ಏನಿತ್ತು ಎಂದು ಬರೆಯಬೇಕಿಲ್ಲ. ನೆನಪಿಲ್ಲ ಎಂದು ನೀನು ಹೇಳಿದ್ದೀಯ, ಗೊತ್ತು. ಆದರೂ ಇಷ್ಟು ನೆನಪು ಮಾಡಿಕೊಂಡು ಬರೆ.

ದೊಡ್ಡ ಆತ್ಯಾಗೂ ಅಲ್ಲಿರುವ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಜನವರಿಯಲ್ಲಿ ನೀನು ಬರುವ ಹೊತ್ತಿಗೆ ಶಾಲೆಯ ಮೂಲೆಯಿಂದ ಮನೆವರೆಗೆ ನಿನ್ನನ್ನು ನಡೆಸಿಕೊಂಡು ಬರುತ್ತೇನೆ, ಎಲ್ಲೂ ಕೆಳಗೆ ಇಳಿಯಬೇಕಿಲ್ಲ. ನಿನ್ನ ಆಶೀರ್ವಾದ ಕೇಳಲು ಈ ಸಲ ನನಗೆ ಮುಖವಿಲ್ಲ. ಉಳಿದದ್ದು ನಿನಗೆ ಬಿಟ್ಟದ್ದು.

ನಿನ್ನ
ಮುಕ್ತಾ

ತಾ.ಕ.: ಶನಿವಾರ ಬೆಳಗ್ಗೆ. ಅಂಟಿಸಿದ ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಮನ್ನಿಸು. ನೀನು ಏನೂ ಬರೆದು ಕಳಿಸಬೇಡ. ಅಂದು ಫುಟ್‌ಪಾತಿನ ಮೇಲೆ ಅಡ್ಡ ನಿಂತಿದ್ದದ್ದು ನನ್ನ ಸ್ಕೂಟರ್. ಗ್ರಂಥಾಲಯಕ್ಕೆ ಹಿಂತಿರುಗಿಸಬೇಕಾದ ಪುಸ್ತಕ ಮರೆತು ಬಂದಿದ್ದೆ, ಎರಡೇ ನಿಮಿಷ ಎಂದು ಅಲ್ಲೇ ನಿಲ್ಲಿಸಿ, ಕೀಲಿಕೈಯನ್ನೂ ಅದರಲ್ಲೇ ಬಿಟ್ಟು ಮೇಲೆ ಓಡಿದ್ದೆ. ಗದ್ದಲ ಕೇಳಿ ಇಳಿದು ಬಂದಾಗ ನೀನು ರಸ್ತೆಯಲ್ಲಿದ್ದೆ, ಸ್ಕೂಟರ್ ಅಲ್ಲಿರಲಿಲ್ಲ. ಹೆಬ್ಬಾಗಿಲ ಒಳಗೆ ಗೋಡೆಗೆ ನಿಂತಿತ್ತು. ಬಾಬಾ ಬರುವುದರೊಳಗೆ ಸೋಪಾನ ಕಾಕಾ ಅದನ್ನು ಒಳಗೆ ತಳ್ಳಿಬಿಟ್ಟಿದ್ದರು. ಆಸ್ಪತ್ರೆಯಿಂದ ಬಂದ ಸಂಜೆ ನೋಡಿದೆ, ಕೀಲಿಕೈ ಅವರ ಮೂರನೆಯ ಮೊಳೆಯ ಮೇಲೆ ನೇತಾಡುತ್ತಿತ್ತು. ತೆಗೆದುಕೊಂಡೆ. ಇವತ್ತಿನವರೆಗೂ ಅವರು ಆ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ. ಯಾರಾದರೂ ಸ್ಕೂಟರ್ ಎಂದಾರೆಂದು ನನಗೆ ದಿನಾ ಭಯ, ಅದಕ್ಕೇ ಎಲ್ಲರ ಕಣ್ಣು ಸೈಕಲ್ ಕಡೆ ತಿರುಗಲೆಂದು ಆ ಹಲಗೆ ಬರೆದೆ. ಮೇಲೆ "ಸಿಟ್ಟಿನಲ್ಲಿ" ಎಂದು ಬರೆದಿದ್ದೇನೆ, ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ "ಹೆದರಿಕೆಯಲ್ಲಿ" ಎಂದು ತಿದ್ದು. ನಿನಗೂ ಗೊತ್ತಿತ್ತು ಆತ್ಯಾ. ಆ ಸೀಟಿನ ನೀಲಿ ಕವರು ಹೊಲಿದವಳು ನೀನೇ, ಎಷ್ಟು ಮಳೆಯಿದ್ದರೂ ಅದು ನಿನಗೆ ಕಾಣದೆ ಇರಲಿಲ್ಲ.

ನನ್ನ ಹೇಳಿಕೆ ಬರೆದಿಟ್ಟಿದ್ದೇನೆ, ಸೋಮವಾರ ಕಾಂಬಳೆ ಮೇಡಂ ಕೈಗೆ ಕೊಡುತ್ತೇನೆ. ಸಭೆಯಲ್ಲಿ ಎದ್ದು ನಿಂತು ಹೇಳಲು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಈ ಬೆಳಗ್ಗೆ ಅದೇ ಗೋಡೆಗೆ ಇನ್ನೊಂದು ಹಲಗೆ ಹೊಡೆದು ಬಂದೆ. ಸೋಪಾನ ಕಾಕಾ ಹೊಡೆದ ಮೊಳೆ ಅಲ್ಲೇ ಇತ್ತು. ಅದರಲ್ಲಿ ನಗುವಂಥದ್ದು ಏನೂ ಇಲ್ಲ: "ಜುಲೈ 22ರಂದು ಇಲ್ಲಿ ಅಡ್ಡ ಇದ್ದದ್ದು ನನ್ನ ಸ್ಕೂಟರ್. ಸೋಪಾನ ಢಮಾಳೆಯವರ ಸೈಕಲ್ ಅಲ್ಲ. ಮೊದಲಿನ ಹಲಗೆ ಬರೆದವಳೂ ನಾನೇ. — ಮುಕ್ತಾ ಲಿಮಯೆ, ಲಿಮಯೆ ವಾಡೆ, ಮೊದಲ ಮಹಡಿ." ಬಾಬಾ ಹಾಲಿಗೆ ಹೋಗಿದ್ದರು. ಅದರ ಮುಂದೆ ಬಹಳ ಹೊತ್ತು ನಿಂತದ್ದನ್ನು ಗ್ಯಾಲರಿಯಿಂದ ನೋಡಿದೆ. ಖಾಲಿ ಪಾತ್ರೆ ಹಿಡಿದು ವಾಪಸು ಬಂದಿದ್ದಾರೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತಿದೆ.